ಸರ್ವರ್‌ಗೊಂದು ಸೋಮವಾರ

ಧನಗೆರೆಯ ಚಿಕ್ಕಮಾದಪ್ಪನ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಅದು ಬಸವಣ್ಣನ ವಾರ. ಚಿಕ್ಕಮಾದಪ್ಪ ಬೇಸಾಯ ಬಿಟ್ಟು ಕೊಳ್ಳೇಗಾಲದ ರೇಷ್ಮೆ ಸಹಕಾರ ಸಂಘಕ್ಕೆ ಅಟೆಂಡರ್ ಆಗಿ ಸೇರಿದ. ಸೋಮವಾರ ತಾನು ದುಡಿಯಬೇಕೆಂದು ಗೊಣಗಿದವನಲ್ಲ, ಪುಣ್ಯಾತ್ಮ.

ತೊಂಬತ್ತೆಂಟರಲ್ಲಿ ಸಂಘಕ್ಕೆ ಸರ್ವರ್ ಬಂತು. ನಾಲ್ಕಾಳು ಏದುಸಿರು ಬಿಡುತ್ತ ಹೊತ್ತು ತಂದ ಪೆಟ್ಟಿಗೆ. ಅದಕ್ಕೊಂದು ಏಸಿ ಕೋಣೆ, ಕೋಣೆಯ ಬೀಗದ ಕೈ ಚಿಕ್ಕಮಾದಪ್ಪನ ಉಡಿದಾರದಲ್ಲಿ. ಮೈಸೂರಿನ ಎಂಜಿನಿಯರ್ ಪಕ್ಕದ ತಗಡು ಬಿಚ್ಚಿ ಎಲ್ಲರಿಗೂ ತೋರಿಸಿದ: ಒಂದೇ ಲೆಕ್ಕವನ್ನು ಎರಡು ಡಿಸ್ಕ್ ಬರೆದುಕೊಳ್ಳುತ್ತವೆ, ಗಾಳಿಗೆ ಸಾಲು ಫ್ಯಾನು, ಹಿಂದೆ ಕರೆಂಟು ಕೊಡುವ ಎರಡು ಪವರ್ ಸಪ್ಲೈ, ಒಂದೊಂದಕ್ಕೂ ಬೇರೆ ಸ್ವಿಚ್ಚು. ಎರಡೂ ಸೇರಿ ಎಳೆಯುತ್ತವೆ, ಒಂದು ಮಲಗಿದರೆ ಇನ್ನೊಂದೇ ಎಳೆದುಕೊಂಡು ಹೋಗುತ್ತದೆ ಎಂದ.

ಮಿಕ್ಕಿದ್ದೇನೂ ಚಿಕ್ಕಮಾದಪ್ಪನ ತಲೆಗೆ ಹತ್ತಲಿಲ್ಲ. ಇದೊಂದು ನೇರ ಎದೆಗಿಳಿಯಿತು. ಜೋಡಿ ಎತ್ತು, ಅದೂ ಬಿಡುವೇ ಇಲ್ಲದ ಜೋಡಿ. ಪಾಪ ಅನ್ನಿಸಿತು. ಯಾರಿಗೂ ಹೇಳದೆ ಸೋಮವಾರ ಬಂತೆಂದರೆ ಒಂದನ್ನು ಆಫ್ ಮಾಡತೊಡಗಿದ. ಈ ವಾರ ಎಡದ್ದಕ್ಕೆ ರಜ, ಮುಂದಿನ ವಾರ ಬಲದ್ದಕ್ಕೆ. ಕೆಂಪು ದೀಪ ಹತ್ತಿಕೊಂಡರೆ ಅದು ಬಸವಣ್ಣನ ದೀಪ ಎಂದುಕೊಂಡು ಕೈ ಮುಗಿಯುತ್ತಿದ್ದ.

ಮಳೆಗಾಲದ ಒಂದು ಸೋಮವಾರ, ದುಡಿಯುತ್ತಿದ್ದ ಸಪ್ಲೈ ಸುಟ್ಟುಹೋಗಿ ಸರ್ವರ್ ಗಕ್ಕನೆ ನಿಂತಿತು. ನೂಲು ತಂದವರು ಸಂಜೆಯವರೆಗೆ ಕಾದು ಕೂತರು. ಎಂಜಿನಿಯರ್ ಬಂದು ಹಿಂಬದಿಯಲ್ಲಿ ಇನ್ನೊಂದರ ಸ್ವಿಚ್ಚು ಆಫ್ ಆಗಿದ್ದನ್ನು ನೋಡಿದವನೇ, ಬೀಗದ ಕೈ ಇಟ್ಟುಕೊಂಡಿರುವ ಇವನನ್ನು ಈ ಕೋಣೆಗೆ ಸೇರಿಸಬೇಡಿ ಎಂದ. ಆ ಪೆಟ್ಟಿಗೆಯನ್ನು ಬಿಟ್ಟಿರುವುದು ಚಿಕ್ಕಮಾದಪ್ಪನಿಂದಾಗದ ಮಾತು.

ಮ್ಯಾನೇಜರ್ ಆಶಾರಾಣಿ ಮೇಡಂ ಕಾರಣ ಕೇಳಿದರು. ಅವನು ಬಸವಣ್ಣನ ವಾರದ ವಿಷಯ ಹೇಳಿದ. ಮೇಡಮ್ಮೂ ಯಳಂದೂರಿನ ಬೇಸಾಯಗಾರರ ಮನೆಯವರೇ. ನಗು ತಡೆಯಲಾರದೆ ಮುಖ ತಿರುಗಿಸಿದರು. ಸ್ವಿಚ್ಚು ಮುಟ್ಟುವುದಿಲ್ಲವೆಂದು ಆಣೆ ಮಾಡಿದರೆ ಬೀಗದ ಕೈ ನಿನ್ನಲ್ಲೇ ಇರಲಿ ಎಂದರು.

“ಬೆಟ್ಟದ ಮಾದಪ್ಪನಾಣೆ ಮುಟ್ಟಕಿಲ್ಲ ಮೇಡಮ್ಮೋರೆ. ಆದ್ರ ಅದ್ಕ ರಜ ಯಾವಾಗ?”

“ಹಳೇದಾಗ್ಲಿ, ಆಗ ನೀನೇ ಕೊಡು.”

ಅವನು ಆಣೆ ಮುರಿಯಲಿಲ್ಲ. ಆದರೆ ಸೋಮವಾರ ಧೂಳು ಒರೆಸುವಾಗ ಅದರ ಕಡೆ ನೋಡಲು ಅವನಿಗೆ ನಾಚಿಕೆಯಾಗುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಹೊಸ ಸರ್ವರ್ ಬಂತು. ಹಳೆಯದರ ಸ್ವಿಚ್ಚಿಗೆ ಎಂಜಿನಿಯರ್ ಕೈ ಚಾಚಿದಾಗ ಮೇಡಂ ತಡೆದು ಚಿಕ್ಕಮಾದಪ್ಪನನ್ನು ಕರೆಸಿದರು. ಅವನು ಮೊದಲು ಎಡದ್ದು, ಆಮೇಲೆ ಬಲದ್ದು ಆಫ್ ಮಾಡಿದ. ಫ್ಯಾನುಗಳು ಒಂದೊಂದಾಗಿ ನಿಂತವು. ಇನ್ನೂ ಬೆಚ್ಚಗಿದ್ದ ತಗಡನ್ನು ಸವರುತ್ತ ಹೇಳಿದ:

“ಮನಿಕೋ ಕಣಪ್ಪ. ಇನ್ನು ನಿಂಗ ದಿನಾ ಸೋಮವಾರ.”