ಬಾಗಿಲಲ್ಲಿ ನಿಂತವರ ರೊಟ್ಟಿ

ಹುಮನಾಬಾದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಒಂದು ನಿದ್ದೆಗಣ್ಣಿನ ಹೊತ್ತು ಬರುತ್ತದೆ. ಬೀದಿಯ ನಾಯಿಗೂ ಬೊಗಳುವ ಮನಸ್ಸಿರುವುದಿಲ್ಲ. ಆ ಹೊತ್ತಿನಲ್ಲಿ ನಾನು ಅವ್ವನಿಗೆ ಗಣಿತ ಹೇಳಿಕೊಡುತ್ತಿದ್ದೆ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಬಡ್ತಿ ಸಿಗಬೇಕೆಂದರೆ ಹತ್ತನೇ ಪಾಸಾಗಬೇಕು. ಉಳಿದ ವಿಷಯಗಳನ್ನೆಲ್ಲ ದಾಟಿದ್ದಳು, ಗಣಿತದಲ್ಲಿ ಮಾತ್ರ ಡುಮ್ಕಿ. ಈ ಸಲವೂ ಆಗದಿದ್ದರೆ ಪುಸ್ತಕ ರದ್ದಿಗೆ ಹಾಕುತ್ತೇನೆ ಎಂದಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು.

ಕೂಡಿಸುವುದು, ಕಳೆಯುವುದು ಚೊಕ್ಕ. ಮಗ್ಗಿಯಂತೂ ನನಗಿಂತ ಜೋರು. ಕೆಡುತ್ತಿದ್ದದ್ದು ಹಂಚುವ ಲೆಕ್ಕದಲ್ಲಿ. ಆರು ಮಂದಿಗಾದರೂ ಎಂಟು ಮಂದಿಗಾದರೂ ಸಮನಾಗಿ, ಏನೂ ಉಳಿಯದಂತೆ ಹಂಚಲು ಕನಿಷ್ಠ ಎಷ್ಟು ರೊಟ್ಟಿ ಬೇಕು? ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚುವಳು. ತುಟಿ ಅಲುಗುವುದು. ಆರರ ಮಗ್ಗಿಯೂ ಎಂಟರ ಮಗ್ಗಿಯೂ ಇಪ್ಪತ್ತನಾಲ್ಕರಲ್ಲಿ ಬಂದು ಸೇರುವುದು ಅವಳಿಗೆ ಸಿಗುತ್ತಿತ್ತು. ಆಮೇಲೆ ಹೇಳುವಳು, “ಇಪ್ಪತ್ತೈದು.”

ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. “ಯವ್ವಾ, ಇಪ್ಪತ್ತನಾಕಕ್ಕ ಮುಗೀತದ. ಶೇಷ ಸೊನ್ನಿ ಇರ್ಬೇಕು.”

“ಯಾರರೆ ಬುಟ್ಟಿ ಖಾಲಿ ಮಾಡ್ತಾರೇನು?”

ನಮ್ಮಲ್ಲಿ ಎಲ್ಲರೂ ಉಂಡೆದ್ದ ಮೇಲೂ ಬುಟ್ಟಿಯ ತಳದಲ್ಲಿ ಒಂದು ರೊಟ್ಟಿ ಇರಲೇಬೇಕು. ಯಾರಾದರೂ ಹಸಿದು ಬಂದರೆ? ಬರದಿದ್ದರೆ ಮರುದಿನ ಮುರಿದು, ಒಗ್ಗರಣೆ ಹಾಕಿ ನಾವೇ ತಿನ್ನುತ್ತೇವೆ. ಇದು ಪುಸ್ತಕದ ರೊಟ್ಟಿ, ಇದಕ್ಕೆ ಯಾರೂ ಬರುವುದಿಲ್ಲ ಎಂದು ಗಿಣಿಗೆ ಹೇಳಿದಂತೆ ಹೇಳಿದೆ.

“ಬರ್ತಾರ,” ಅಂದಳು ಅವ್ವ, ಕಣ್ಣು ಮುಚ್ಚಿಯೇ. “ಲೆಕ್ಕಾ ಮಾಡುಮುಂದ ಮಂದಿ ಸಾಲಾಗಿ ಕುಂತದ್ದು ಕಾಣ್ತದ. ಬಾಗಲ್ದಾಗ ಒಬ್ರು ನಿಂತಿರ್ತಾರ.”

“ಯಾರು?”

“ಮಾರಿ ಕಾಣಂಗಿಲ್ಲ. ಬೆನ್ನಹಿಂದ ಬಿಸಲ ಅದ.”

ನಗಬೇಕಿತ್ತು, ನಗಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಬಿಸಿಲು ಬೆಳ್ಳಗೆ ನಿಂತಿತ್ತು. ತೂಕಡಿಕೆಯಲ್ಲಿ ನನಗೂ ಅಲ್ಲಿ ಯಾರೋ ಇದ್ದಂತೆ ಕಂಡಿತು. ಆಮೇಲಿನ ಎಷ್ಟೋ ಮಧ್ಯಾಹ್ನ ಹಾಗೆಯೇ ಕಳೆದವು. ಆರು, ಎಂಟು, ಹನ್ನೆರಡು ಎಲ್ಲ ಚಾಪೆಯ ಮೇಲೆ ಕೂತು ಉಂಡು ಎದ್ದು ಹೋಗುತ್ತಿದ್ದವು. ಆ ಒಬ್ಬರು ಮಾತ್ರ ನಿಂತೇ ಇರುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಒಂದು ರೊಟ್ಟಿಯ ದೆಸೆಯಿಂದ ಅವ್ವ ಮತ್ತೆ ನಪಾಸಾಗುತ್ತಾಳಲ್ಲ ಎಂಬ ಹೆದರಿಕೆ.

ಪರೀಕ್ಷೆಯ ಸೆಂಟರ್ ಬಸವಕಲ್ಯಾಣದಲ್ಲಿ ಬಂತು. ನಾನು ಶಾಲೆಯ ಗೇಟಿನಾಚೆ ಬೇವಿನ ನೆರಳಲ್ಲಿ ಕಾದೆ. ಹೊರಗೆ ಬಂದ ಅವ್ವನ ಮುಖ ಸಣ್ಣದಾಗಿತ್ತು. ಬಸ್ಸು ಹೈವೇ ಮುಟ್ಟಿದ ಮೇಲೆ ನನ್ನ ಕಡೆ ತಿರುಗಿದಳು.

“ಲಡ್ಡು ಹಂಚೂದು ಬಂದಿತ್ತು,” ಅಂದಳು. “ಹನ್ನೆರಡು ಮಂದಿಗರೆ, ಹದಿನೆಂಟು ಮಂದಿಗರೆ. ಏನೂ ಉಳೀಬಾರ್ದಂತ.”

“ಎಷ್ಟು ಬರದಿ?”

“ಮೂವತ್ತಾರು.”

ಖುಷಿಗೆ ಅವಳ ಕೈ ಹಿಡಿದುಕೊಂಡೆ. ಅವಳ ಕಣ್ಣು ಮಾತ್ರ ತುಂಬಿದ್ದವು.

“ಬಾಗಲ್ದಾಗ ನಿಂತಿದ್ರು,” ಅಂದಳು. “ಇವತ್ತ ಏನೂ ಇಲ್ರಿ, ಮುಂದ ಹೋಗ್ರಿ ಅಂದೆ. ಸುಮ್ನ ಹೋದ್ರು.”

ಅವರ ಮೇಲೆ ಅಷ್ಟು ದಿನ ಸಿಟ್ಟು ಮಾಡಿಕೊಂಡಿದ್ದ ನನಗೇ ಅಳು ಬಂತು. ಕಿಟಕಿಯಾಚೆ ಕಟಾವಾದ ಹೊಲಗಳು ಬಿಸಿಲಲ್ಲಿ ತೇಲುತ್ತಿದ್ದವು. ಇಬ್ಬರೂ ಅತ್ತಲೇ ನೋಡುತ್ತ ಊರು ಸೇರಿದೆವು.

ಅವ್ವ ಪಾಸಾದಳು. ಮೊಬೈಲಿನಲ್ಲಿ ನೋಡಿ ನಾನು ಕೂಗಿದಾಗ ರೊಟ್ಟಿ ಬಡಿಯುತ್ತಿದ್ದಳು. “ಖರೇನಾ?” ಅಂದು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಬಡಿಯತೊಡಗಿದಳು. ಎಲ್ಲರೂ ಉಂಡೆದ್ದ ಮೇಲೆ ಬುಟ್ಟಿ ಮುಚ್ಚಲು ಹೋದರೆ ತಳದಲ್ಲಿ ಎರಡು ರೊಟ್ಟಿ.

“ಯವ್ವಾ, ಒಂದು ಹೆಚ್ಚಿಗಿ ಆಗ್ಯದಲ್ಲ?”

“ಇರ್ಲಿ ಬಿಡು,” ಅಂದಳು. “ಒಂದು, ದಿನಾ ಇಡೂದು. ಇನ್ನೊಂದು, ಅವತ್ತ ಕಲ್ಯಾಣದಾಗ ಹಸದು ಹೋದ್ರಲ್ಲ, ಅವರ್ದು.”