ಸ್ಟ್ಯಾಂಪ್ ತಾತನ ಹಕ್ಕಿಗಳು

ನಮ್ಮ ಚಂದ್ರಾ ಲೇಔಟಲ್ಲಿ ವೆಂಕಟಗಿರಿಯವರ ಮನೆ ಯಾವುದು ಅಂತ ಕೇಳಿ, ಯಾರಿಗೂ ಗೊತ್ತಿಲ್ಲ. ಸ್ಟ್ಯಾಂಪ್ ತಾತನ ಮನೆ ಅನ್ನಿ, ಗೇಟಿನ ತನಕ ತಂದು ಬಿಡ್ತಾರೆ. ನಾನು ಪಕ್ಕದ ಮನೆ ಅನಂತಲಕ್ಷ್ಮಿ, ಅವರ ಹುಚ್ಚನ್ನು ಮೊದಲಿಂದ ನೋಡಿದವಳು. ನಮಗೆ ಅಂಚೆಯಲ್ಲಿ ಕವರ್ ಬಂದರೆ ನಾವು ಒಡೆಯೋ ಮುಂಚೆ ಅವರು ಕಾಂಪೌಂಡಿನಾಚೆ ನಿಂತಿರೋರು. ಸ್ಟ್ಯಾಂಪಿರೋ ಮೂಲೆ ಕತ್ತರಿಸಿ, ನೀರಲ್ಲಿ ನೆನೆಹಾಕಿ, ಬಿಡಿಸಿ, ಹಳೇ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸೋರು. ಭೂತಗನ್ನಡಿ ಹಿಡಿದು ಅಂಚಿನ ಹಲ್ಲು ಎಣಿಸೋರು.

ಹಕ್ಕಿಗಳ ಸ್ಟ್ಯಾಂಪೆಂದರೆ ಅವರಿಗೆ ಜೀವ. ಯಾವ್ಯಾವ ದೇಶದ್ದೋ. ಬೆರಳು ತಾಗಿಸೋ ಹಾಗಿಲ್ಲ, ಚಿಮಟದಲ್ಲೇ ಎತ್ತಬೇಕು. ಹೆಂಡತಿ ಅಂಬುಜಾ ಅಂತೂ ಅವನ್ನಿಟ್ಟಿದ್ದ ಬೀರು ಮುಟ್ಟಿದವಳಲ್ಲ. "ನನ್ನ ಸವತಿ ಅದು, ಅನಂತಕ್ಕ" ಅಂತ ನಗೋಳು. ಈ ಸಲ ಸ್ಟ್ಯಾಂಪ್ ಸ್ಪರ್ಧೆಗೆ ಕೊಡಬೇಕು ಅಂತ ಅವರು ಹಕ್ಕಿ ಸ್ಟ್ಯಾಂಪ್ ಹಚ್ಚಿದ ಹಾಳೆಗಳನ್ನೆಲ್ಲ ಜೋಡಿಸಿಟ್ಟಿದ್ದರು. ಜೀವಮಾನದಲ್ಲಿ ಬೇರೇನಕ್ಕೂ ಅಷ್ಟು ಆಸೆ ಪಟ್ಟವರಲ್ಲ.

ಅಷ್ಟರಲ್ಲಿ ಎದೆನೋವು ಬಂತು, ಐಸಿಯು ಸೇರಿದರು. ಇತ್ತ ಬಿಡದ ಮಳೆ. ಗೋಡೆ ನೆಂದು ಬೀರುವಿನೊಳಗೂ ಬೂಷ್ಟು ಹಿಡಿಯಿತು. ಅಂಬುಜಾ ಹಾಳೆಗಳನ್ನು ಸೆರಗಲ್ಲಿ ಮುಚ್ಚಿಕೊಂಡು ಬಸ್‌ಸ್ಟಾಪಿನ ಝೆರಾಕ್ಸ್ ಅಂಗಡಿಗೆ ಹೋಗಿ, ಒಂದೂ ಬಿಡದೆ ಲ್ಯಾಮಿನೇಷನ್ ಮಾಡಿಸಿಬಿಟ್ಟಳು. ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಮಾಡಿಸ್ತೀವಲ್ಲ, ಹಾಗೆ. ಅಯ್ಯೋ ಹುಚ್ಚಿ, ನನ್ನನ್ನೊಂದು ಮಾತು ಕೇಳಬಾರದಿತ್ತೇ! ಸ್ಟ್ಯಾಂಪು ಇದ್ದ ಹಾಗೇ ಇದ್ದರೆ ತಾನೇ ಅದಕ್ಕೆ ಬೆಲೆ? ಬಿಸಿ ಪ್ಲಾಸ್ಟಿಕ್ ಕಚ್ಚಿಕೊಂಡ ಮೇಲೆ ಬಿಡಿಸೋಕೆ ಹೋದರೆ ಹರಿದೇ ಹೋಗುತ್ತೆ. ಸ್ಪರ್ಧೆಯವರಂತೂ ತಿರುಗಿಯೂ ನೋಡಲ್ಲ.

ವೆಂಕಟಗಿರಿಯವರು ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಅಂಬುಜಾ ಸಂಭ್ರಮದಿಂದ ಹಾಳೆಗಳನ್ನು ತಂದು ಅವರ ತೊಡೆ ಮೇಲಿಟ್ಟಳು. ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಮುಖ ಬಿಳಿಚಿಕೊಂಡಿತು.

"ಏನ್ ಮಾಡಿಬಿಟ್ಯೇ ಅಂಬುಜಾ? ಎಲ್ಲಾ ಹಾಳಾಯ್ತಲ್ಲೇ!" ಅಂತ ಮಗುವಿನ ಹಾಗೆ ಅತ್ತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಅಳೋದನ್ನು ಯಾವತ್ತೂ ನೋಡಿರಲಿಲ್ಲ.

ಏನು ತಪ್ಪಾಯಿತು ಅಂತ ಅವಳಿಗೆ ತಿಳಿಯೋಕೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರ ಕಾಲ ಹತ್ತಿರ ನೆಲಕ್ಕೆ ಕುಸಿದು ಕೂತಳು.

"ಆಸೆ ಇಟ್ಕೋಬೇಡಿ ಅಂದಿದ್ರು ಡಾಕ್ಟ್ರು" ಅಂದಳು. "ನೀವಂತೂ ಹೋಗ್ಬಿಡ್ತೀರ, ಇದಾದ್ರೂ ನನಗೆ ಉಳೀಲಿ ಅಂತ ಮಾಡಿಸ್ದೆ ಕಣ್ರೀ."

ಅವರು ಅಳು ನಿಲ್ಲಿಸಿ ಅವಳನ್ನೇ ನೋಡಿದರು. ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಅವಳ ತಲೆ ಮೇಲಿಟ್ಟರು.

"ಹೋಗ್ಲಿ ಬಿಡೇ. ನಾನೇ ಉಳಿದಿದೀನಲ್ಲ."