ಫೆರ್ಮಿನ್ ಕೊಡದ ಗ್ಲೌಸು

"ಫೆರ್ಮಿನ್ ಕೂತ ಬೆಂಚು ಬೇರು ಬಿಟ್ಟು ಚಿಗುರಿದೆಯಂತೆ" ಎಂದು ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಓಣಿಯಲ್ಲೇ ಡಾಮಿನೋ ಆಟದ ಮೇಜಿನ ಸುತ್ತ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವನು, ಸುಳ್ಳೇಕೆ ಹೇಳಲಿ, ನಾನೇ.

ನಮ್ಮ ಬನೀ ಊರಿನ ಬೇಸ್‌ಬಾಲ್ ತಂಡದಲ್ಲಿ ಫೆರ್ಮಿನ್ ಹದಿಮೂರು ವರ್ಷ ಎರಡನೆಯ ಕ್ಯಾಚರ್, ಅಂದರೆ ಎಸೆತ ಹಿಡಿಯುವ ಮೊದಲನೆಯವನು ಬಿದ್ದರಷ್ಟೇ ಆಡುವವನು. ಎಸೆಯುವವರ ತೋಳು ಬಿಸಿಯೇರುವವರೆಗೆ ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೂರಾರು ಚೆಂಡು ಹಿಡಿಯಬೇಕು. ಆಟ ಶುರುವಾದರೆ ಬೆಂಚಿಗೆ ಹೋಗಬೇಕು. ಇದರ ಮೇಲೆ ಇನ್ನೊಂದು ಚಾಕರಿ, ಮೊದಲನೆಯ ಕ್ಯಾಚರನಿಗೆ ಹೊಸ ಗ್ಲೌಸು ಪಳಗಿಸಿಕೊಡುವುದು. ಹೊಸ ಗ್ಲೌಸೆಂದರೆ ಹಲಗೆ. ಎಣ್ಣೆ ಹಚ್ಚಿ, ಕೊಡತಿಯಿಂದ ಬಡಿದು, ಅಂಗೈ ಊದಿಸಿಕೊಂಡು ಮೂರು ತಿಂಗಳು ಹಿಡಿದರೆ ಅದು ಬಾಯಿ ಬಿಡುತ್ತದೆ. ಬಿಟ್ಟ ದಿನವೇ ಇನ್ನೊಬ್ಬನ ಕೈಸೇರುತ್ತದೆ. ಹೀಗೆ ಹನ್ನೊಂದು ಹೋದವು. ಹನ್ನೆರಡನೆಯದನ್ನು ಮಾತ್ರ ತನಗೆಂದೇ ಪಳಗಿಸಿಕೊಂಡ.

ಅವನಿಗೆ ಬೇಕಿದ್ದದ್ದು ಒಂದೇ: ನಮ್ಮೂರ ಮೈದಾನದಲ್ಲಿ ಒಂದು ಪೂರ್ತಿ ಆಟ.

ಒಂದು ಗುರುವಾರ ಮೊದಲನೆಯ ಕ್ಯಾಚರನ ಹೆಬ್ಬೆರಳು ಮುರಿಯಿತು. ತಂಡದ ಯಜಮಾನ ದೋನ್ ಅನ್ಸೆಲ್ಮೋ ಎಲ್ಲರೆದುರು, "ಭಾನುವಾರ ನಿಂದೇ ಕಣೋ ಫೆರ್ಮಿನ್" ಎಂದ. ಫೆರ್ಮಿನ್‌ನ ಹೆಂಡತಿ ನೆರೈದಾ ಓಣಿಯ ಮನೆಮನೆಗೂ ಹೋಗಿ, "ಬಾಯಿ ಬಡ್ಕೊಂಡಿದ್ದು ಸಾಕು, ಬಂದು ಕಣ್ಣಾರೆ ನೋಡಿ" ಎಂದು ಕರೆದಳು. ಓಣಿಗೆ ಓಣಿಯೇ ಮೈದಾನದಲ್ಲಿತ್ತು.

ಆಟಕ್ಕೆ ಇನ್ನೇನು ಅರ್ಧ ಗಂಟೆ ಇರುವಾಗ ಫೆರ್ಮಿನ್ ಕಾಲಿನ ಪ್ಯಾಡು ಬಿಚ್ಚಿ ಎಸೆದು, ಗ್ಲೌಸನ್ನು ಕಂಕುಳಲ್ಲಿ ಇಟ್ಟುಕೊಂಡು ಮೈದಾನದ ಬಾಗಿಲ ಕಡೆ ಹೊರಟ. ನಾವು ಸಿಳ್ಳೆ ಹೊಡೆದೆವು. "ನೋಡ್ರೋ, ಬೆಂಚು ಕರೀತಂತೆ!" ಎಂದು ಕೂಗಿದ ಗಂಟಲು ನನ್ನದು. ಆ ಗಂಟಲಿಗೆ ಬೆಂಕಿ ಬೀಳಲಿ!

ಅದಕ್ಕೆ ಮೊದಲು ಆಟಗಾರರ ಕೋಣೆಯಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಕಡಲಾಚೆಯ ಬಡಗಣ ದೇಶದ ಯಾವುದೋ ದೊಡ್ಡ ಕ್ಲಬ್ಬು ಇಪ್ಪತ್ತರ ಪ್ರಾಯದ ತನ್ನ ಕ್ಯಾಚರನ್ನು ನಮ್ಮ ತಂಡದಲ್ಲಿ ಆಡಿ ಪಳಗಲೆಂದು ಬೆಳಗಿನ ವಿಮಾನಕ್ಕೆ ಹತ್ತಿಸಿ ಕಳಿಸಿತ್ತು. "ಇವತ್ತು ಇವನು ಆಡ್ತಾನೆ" ಎಂದನಂತೆ ಅನ್ಸೆಲ್ಮೋ. ಅದನ್ನೂ ಫೆರ್ಮಿನ್ ನುಂಗಿಕೊಂಡ. ಆದರೆ ಯಜಮಾನನ ನಾಲಿಗೆ ಅಷ್ಟಕ್ಕೆ ನಿಲ್ಲಲಿಲ್ಲ. "ಇವನ ಗ್ಲೌಸು ಹೊಸದು, ಸೆಟೆದ್ಕೊಂಡಿದೆ. ನಿಂದು ಕೊಡು. ನಿನಗ್ಯಾಕೆ ಅದು?"

"ನನ್ನ ಕೈ ಕಡಿದ್ಕೊಂಡು ಹೋಗಿ ಸ್ವಾಮಿ, ಗ್ಲೌಸು ಅದರ ಜೊತೆಗೇ ಬರುತ್ತೆ."

"ಹಾಗಾದ್ರೆ ಮನೆಗೆ ನಡಿ."

ನಡೆದ. ನಾವು ಸಿಳ್ಳೆ ಹಾಕಿದ್ದು ಆ ನಡಿಗೆಗೆ.

ಅಂದು ಊರ ತಂಡ ಹನ್ನೊಂದು ಅಂಕಗಳಿಂದ ಸೋತಿತು. ಯಾವ ಎಸೆತಗಾರನ ತೋಳು ಯಾವಾಗ ಬಿಸಿಯೇರುತ್ತದೆ, ಯಾರಿಗೆ ಯಾವಾಗ ಬೈಯಬೇಕು, ಅದು ಬೆಂಚಿನವನಿಗಲ್ಲದೆ ಇನ್ಯಾರಿಗೂ ಗೊತ್ತಿರಲಿಲ್ಲ. ಮಂಗಳವಾರ ಅನ್ಸೆಲ್ಮೋನ ಕಾರು ಓಣಿಗೆ ಬಂತು. ನೆರೈದಾ ಬಾಗಿಲಿಗೆ ಅಡ್ಡ ನಿಂತಳು.

"ಏನ್ ಸಾಹೇಬ್ರೇ, ಈ ಸಲ ಏನ್ ಬೇಕು? ನನ್ನ ಬಾಣಲೆ ಚೆನ್ನಾಗಿ ಪಳಗಿದೆ, ಕೊಡ್ಲಾ?"

"ತಮಾಷೆ ಸಾಕಮ್ಮ. ಹುಡುಗರು ಅವನಿಲ್ದೆ ಎಸೆಯೋದಿಲ್ಲ ಅಂತಾರೆ. ಹಳೇ ಕೆಲಸಕ್ಕೇ ಬರ್ಲಿ, ಬೇಲಿ ಹತ್ರ."

ಒಳಗಿನಿಂದ ಫೆರ್ಮಿನ್ ಬಂದ. ಹೆಗಲಿಗೆ ಚೀಲ. ಬಾರಾಓನಾದ ಸಕ್ಕರೆ ಕಾರ್ಖಾನೆಯವರ ತಂಡಕ್ಕೆ ಹೋಗುತ್ತಾನಂತೆ. ಕಬ್ಬು ಕಡಿಯುವವರು ರಜೆಯ ದಿನ ಆಡುವ ತಂಡ.

ಅನ್ಸೆಲ್ಮೋ ನಕ್ಕ. "ಆ ಧೂಳಲ್ಲಿ ನಿನ್ನ ಯಾರಯ್ಯ ನೋಡ್ತಾರೆ?"

"ಇಲ್ಲಿ ಯಾರು ನೋಡಿದ್ರು?"

ಆ ಮಾತು ಯಜಮಾನನೊಬ್ಬನಿಗೇ ಆಗಿರಲಿಲ್ಲ. ಎದುರಿಗೇ ಡಾಮಿನೋ ಮೇಜಿನ ಸುತ್ತ ಕೂತಿದ್ದ ನಾವು ತಲೆ ತಗ್ಗಿಸಿದೆವು. ನಾನೆದ್ದು, "ಫೆರ್ಮಿನ್, ತಮ್ಮಾ..." ಎಂದೆ. ಅವನು ತಿರುಗಲಿಲ್ಲ. ನೆರೈದಾ ಬೀಗ ಜಡಿದಳು. ಇಬ್ಬರೂ ಮೆಟ್ಟಿಲಿಳಿದು, ದಾರಿಗಡ್ಡ ನಿಂತಿದ್ದ ಯಜಮಾನನ ಕಾರನ್ನು ಸುತ್ತಿಕೊಂಡು, ಬಸ್ಸು ನಿಲ್ಲುವ ಕಡೆ ನಡೆದರು.